ಕಾರ್ ಶೆಡ್‌ನ ಗಾಜಿನ ಕೆಲಸ: ನಾಲ್ವರು ಸೇರಿ ಸ್ಟುಡಿಯೊ ಮಾಡಬಹುದಾ?

ಗಾಜಿನಮಣಿ, ಮೈಸೂರು
ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಲ್ಯಾಬ್‌ಗಳಿಗೆ ಕಂಡೆನ್ಸರ್, ಫ್ಲಾಸ್ಕ್ ಊದಿಕೊಡುತ್ತಿದ್ದರು. ಅವರ ಪಕ್ಕ ಕೂತೇ ನಾನು ಟಾರ್ಚ್ (ಗಾಜು ಕರಗಿಸುವ ಗ್ಯಾಸ್ ಜ್ವಾಲೆ) ಹಿಡಿಯೋದು ಕಲಿತೆ. ಆರು ವರ್ಷದಿಂದ ಬ್ಯಾಂಕ್ ಕೆಲಸ ಮುಗಿಸಿ ಬಂದು, ಕಾರ್ ಶೆಡ್‌ನಲ್ಲಿ ಬೋರೋಸಿಲಿಕೇಟ್ (ಲ್ಯಾಬ್ ಪಾತ್ರೆಗಳಿಗೆ ಬಳಸುವ, ಬಿಸಿ ತಡೆಯುವ ಗಾಜು) ಕಡ್ಡಿ ಕರಗಿಸಿ ಪೆಂಡೆಂಟ್, ಪುಟ್ಟ ಹೂದಾನಿ ಮಾಡುತ್ತೇನೆ. ಆ ಕಿತ್ತಳೆ ಬಣ್ಣದ ಗಾಜು ಜೇನಿನ ಹಾಗೆ ಬಾಗುವಾಗ ದಿನದ ಸುಸ್ತೆಲ್ಲ ಮರೆತುಹೋಗುತ್ತದೆ.

ಗೆಳತಿಯರಲ್ಲಿ ಇಬ್ಬರು ಮಣ್ಣಿನ ಕೆಲಸ ಮಾಡುತ್ತಾರೆ, ಒಬ್ಬಳು ಬೆಳ್ಳಿ ಒಡವೆ. ನಾಲ್ವರೂ ಸೇರಿ ಒಂದು ಹಳೇ ಮನೆ ಬಾಡಿಗೆಗೆ ಹಿಡಿಯುವ ಯೋಚನೆ ಇದೆ. ಗಾಜು ಕರಗಿಸಿಡುವ ದೊಡ್ಡ ಕುಲುಮೆ ಹಾಕಿಸಬೇಕಾ? ಮಣ್ಣು ಸುಡಲೂ ಗಾಜು ನಿಧಾನ ತಣಿಸಲೂ ಬಳಸುವ ಮುಚ್ಚಿದ ಒಲೆ, ಅಂದರೆ ಕಿಲ್ನ್, ಎಲ್ಲರಿಗೂ ಒಂದೇ ಸಾಕಾ? ಖರ್ಚು ಹೇಗೆ ಹಂಚಿಕೊಳ್ಳೋದು?

ತಿಗರಿ, ಬೆಂಗಳೂರು
ಅಕ್ಕಾ, ನಾಲ್ಕು ವರ್ಷ ಇಂಥದ್ದೇ ಜಾಗ ನಡೆಸಿದ್ದೇನೆ. ನಮ್ಮಲ್ಲಿ ಜಗಳ ಆಗಿದ್ದು ಬಾಡಿಗೆಗಲ್ಲ, ಕಿಲ್ನ್‌ಗೆ. ನಮ್ಮ ಮಣ್ಣಿನ ಪಾತ್ರೆಗಳ ಮೊದಲ ಸುಡುವಿಕೆಯೇ 1,000 ಡಿಗ್ರಿ ಹತ್ತಿರ ಹೋಗುತ್ತದೆ. ತಣ್ಣಗಾಗುವವರೆಗೆ ಬಾಗಿಲು ತೆರೆಯೋ ಹಾಗಿಲ್ಲ. ನಿಮ್ಮ ಗಾಜಿಗೆ 565 ಡಿಗ್ರಿ ಸಾಕು, ಆದರೆ ಒಂದೊಂದು ಪೀಸ್ ಮುಗಿದಾಗಲೂ ಬಾಗಿಲು ತೆರೆದು ಅದನ್ನು ಒಳಗಿಡಬೇಕು. ಎರಡೂ ಒಂದೇ ದಿನ ಆಗೋದಿಲ್ಲ. ಗಾಜಿಗೆ ಚಿಕ್ಕದೊಂದು ಬೇರೆ ತೆಗೆದುಕೊಳ್ಳಿ. ಪ್ರತಿ ಕಿಲ್ನ್‌ಗೂ ಸಬ್‌ಮೀಟರ್ (ಅದರದ್ದೇ ಬೇರೆ ಕರೆಂಟ್ ಮೀಟರ್) ಹಾಕಿಸಿ, ಸುಟ್ಟವರು ಕರೆಂಟ್ ದುಡ್ಡು ಕೊಡಲಿ. ಬಾಡಿಗೆ ಮಾತ್ರ ಸಮ ಪಾಲು.

ಟಾರ್ಚ್ ಟೇಬಲ್‌ಗೂ ಮಣ್ಣಿನ ಕೋಣೆಗೂ ಮಧ್ಯೆ ಗೋಡೆ ಇರಲಿ. ಮಣ್ಣಿನ ದೂಳು ಬಿಸಿ ಗಾಜಿಗೆ ಕೂತರೆ ಹೋಗೋದಿಲ್ಲ.

ನೀಲಿಜ್ವಾಲೆ, ಹುಬ್ಬಳ್ಳಿ
ಕುಲುಮೆ ಈಗ ಖಂಡಿತ ಬೇಡ ಮೇಡಂ. 1962ರಲ್ಲಿ ಅಮೆರಿಕದ ಟೊಲೀಡೊದಲ್ಲಿ ಹಾರ್ವಿ ಲಿಟಲ್‌ಟನ್ ಚಿಕ್ಕ ಕುಲುಮೆ ಇಟ್ಟು, ಕಲಾವಿದರೂ ಸ್ವಂತ ಜಾಗದಲ್ಲಿ ಗಾಜು ಕರಗಿಸಬಹುದು ಅಂತ ತೋರಿಸಿದರು, ನಿಜ. ಆದರೆ ಚಿಕ್ಕದಾದರೂ ಅದು 1,100 ಡಿಗ್ರಿ ಆಸುಪಾಸಿನಲ್ಲಿ ಹಗಲೂ ರಾತ್ರಿ ಉರಿಯಬೇಕು. ಆರಿಸಿ ಹೊತ್ತಿಸಿ ಮಾಡಿದರೆ ಒಳಗೆ ಗಾಜು ಕರಗುವ ಪಾತ್ರೆ, ಅಂದರೆ ಮೂಸೆ, ಸೀಳುತ್ತದೆ. ಟಾರ್ಚ್ ಆದರೆ ಕೆಲಸ ಮುಗಿದ ತಕ್ಷಣ ಆರಿಸಬಹುದು.

ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ಅವಸರದಲ್ಲಿ ಅನೀಲಿಂಗ್ (ಕಿಲ್ನ್‌ನಲ್ಲಿಟ್ಟು ನಿಧಾನ ತಣಿಸೋದು) ಮಾಡದೆ ಹನ್ನೆರಡು ಪೆಂಡೆಂಟ್ ಮಾರಿದ್ದೆ. ತಿಂಗಳೊಳಗೆ ಐದು ಬಿರುಕು ಬಿಟ್ಟು ವಾಪಸ್ ಬಂದವು. ಬಹಳ ಸಂಕಟವಾಯಿತು. ಈಗ ಲ್ಯಾಪ್‌ಟಾಪ್‌ನಲ್ಲಿ ಬಿಳಿ ಪರದೆ ತೆರೆದು, ಪೀಸ್ ಮುಂದೆ ಹಿಡಿದು, ಪೋಲರೈಸ್ಡ್ ಕನ್ನಡಕವನ್ನು ಪರದೆ ಕಪ್ಪಾಗುವ ತನಕ ತಿರುಗಿಸಿ ನೋಡುತ್ತೇನೆ. ಒಳಗೆ ಬಿಗಿತ ಉಳಿದಿದ್ದರೆ ಅಲ್ಲಿ ಬೆಳಕು ಹೊಳೆಯುತ್ತದೆ. ನೀವೂ ಮಾರುವ ಮುಂಚೆ ಪ್ರತಿಯೊಂದನ್ನೂ ನೋಡಿ.

ಇನ್ನೊಂದು, ಮುಂದೆ ನೀವು ಕ್ಲಾಸ್ ಮಾಡಿದರೆ, ಕಲಿಯಲು ಬರುವವರು ಬಳೆ ಗಾಜು ತರುತ್ತಾರೆ. ನಿಮ್ಮ ಬೋರೋಸಿಲಿಕೇಟ್ ಜೊತೆ ಬೆಸೆಯಲು ಬಿಡಬೇಡಿ. ಬಳೆ ಗಾಜು ಹಿಗ್ಗೋದು, ಕುಗ್ಗೋದು ಎರಡೂ ಜಾಸ್ತಿ, ತಣ್ಣಗಾದಾಗ ಒಡೆಯುತ್ತದೆ. ಗ್ಯಾಸ್‌ಗೆ ಮನೆಯ 14.2 ಕೆಜಿ ಸಿಲಿಂಡರ್ ಬಳಸೋ ಹಾಗಿಲ್ಲ, 19 ಕೆಜಿಯ ಕಮರ್ಷಿಯಲ್ ಕನೆಕ್ಷನ್ ಬೇಕು. ಆಕ್ಸಿಜನ್ ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ಕಟ್ಟಿ. ಅದರ ರೆಗ್ಯುಲೇಟರ್‌ಗೆ ಎಣ್ಣೆ ಕೈ ಸೋಕಲೇಬಾರದು.

ಗಾಜಿನಮಣಿ, ಮೈಸೂರು
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಣ್ಣೆ ಕೈ ಮಾತು ಅಪ್ಪನೂ ದಿನಾ ಹೇಳುತ್ತಿದ್ದರು, ಓದಿ ಕಣ್ಣು ತುಂಬಿತು. ರಾತ್ರಿ ಗೆಳತಿಯರ ಜೊತೆ ಮಾತಾಡಿದೆ. ಕುಲುಮೆ ಬಿಟ್ಟೆವು. ಎರಡು ಕಿಲ್ನ್, ಎರಡು ಸಬ್‌ಮೀಟರ್. ಹಿಂದಿನ ಕೊಟ್ಟಿಗೆ ಗಾಜಿಗೆ, ಮುಂದಿನ ಹಜಾರ ಮಣ್ಣಿಗೆ. ಈಗ ಒಂದೇ ಪ್ರಶ್ನೆ: ಹೊಸಬರಿಗೆ ಕಲಿಸುವಾಗ ಒಂದು ಸಲಕ್ಕೆ ಎಷ್ಟು ಜನರನ್ನು ಟಾರ್ಚ್ ಮುಂದೆ ಕೂರಿಸಬಹುದು?

ನೀಲಿಜ್ವಾಲೆ, ಹುಬ್ಬಳ್ಳಿ
ನಾನು ಇಬ್ಬರನ್ನು ಮಾತ್ರ ಕೂರಿಸುತ್ತೇನೆ. ಇಬ್ಬರ ಕೈಯೂ ನನಗೆ ಕಾಣುತ್ತಿರಬೇಕು.