ಅಮ್ಮ ಒಬ್ಬರೇ ಇರುವ ಮನೆಗೆ ನಂಬಿಕೆಯ ಪ್ಲಂಬರ್ ಹುಡುಕುವುದು ಹೇಗೆ?

ದೂರದಲ್ಲಿರುವ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮನಿಗೆ 78 ವರ್ಷ. ಒಬ್ಬರೇ ಇದ್ದಾರೆ. ಕಿವಿ ಸ್ವಲ್ಪ ಮಂದ, ಮಂಡಿ ನೋವು ಇದೆ, ಅದು ಬಿಟ್ಟರೆ ತಲೆ ಚುರುಕಾಗಿಯೇ ಇದೆ. ಎರಡು ತಿಂಗಳ ಹಿಂದೆ ಅಡುಗೆಮನೆ ಸಿಂಕಿನ ಕೆಳಗೆ ನೀರು ಒಸರುತ್ತಿತ್ತು. ಅಮ್ಮ ಎಲ್ಲೋ ಸಿಕ್ಕಿದ ನಂಬರಿಗೆ ಫೋನ್ ಮಾಡಿ ಒಬ್ಬನನ್ನು ಕರೆಸಿದರು. ಅವನು ಬಗ್ಗಿ ನೋಡಿ, "ಒಳಗಿನ ಪೈಪ್ ಪೂರ್ತಿ ಹೋಗಿದೆ, ಇವತ್ತೇ ಮಾಡಿಸದಿದ್ದರೆ ಗೋಡೆಯೇ ಕುಸಿಯುತ್ತದೆ" ಎಂದು ಹೆದರಿಸಿದ. ಗೋಡೆ ಒಡೆದ, ಯಾವುದೋ ಪೈಪ್ ಬದಲಾಯಿಸಿದ, ಬಾಯಿಗೆ ಬಂದಷ್ಟು ದುಡ್ಡು ಕೇಳಿ ತೆಗೆದುಕೊಂಡು ಹೋದ. ನಾಲ್ಕೇ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ನೀರು. ಆಮೇಲೆ ಅವನು ಫೋನ್ ಎತ್ತಲಿಲ್ಲ.

ಅಮ್ಮ ಇದನ್ನು ನನಗೆ ಹೇಳಿದ್ದು ಮೂರು ವಾರ ಆದಮೇಲೆ. ಬೈಯುತ್ತಾಳೆ ಅಂದುಕೊಂಡರಂತೆ. ಅದು ನನಗೆ ದುಡ್ಡು ಹೋದದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಈಗ ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಯಾರನ್ನೂ ಕರೆಯಲು ಅಮ್ಮ ತಯಾರಿಲ್ಲ. "ಕೆಳಗೆ ಬಕೆಟ್ ಇಟ್ಟಿದ್ದೇನಲ್ಲ, ಆಯಿತು ಬಿಡು" ಎನ್ನುತ್ತಾರೆ. ತುಂಬಿದ ಬಕೆಟ್ ಎತ್ತಿ ಸುರಿಯುವುದೂ ಅವರೇ.

ದೂರದಲ್ಲಿ ಕೂತು ಒಬ್ಬ ಒಳ್ಳೆಯ ಪ್ಲಂಬರ್ ಯಾರು ಎಂದು ತಿಳಿದುಕೊಳ್ಳುವುದು ಹೇಗೆ? ಏನು ಕೇಳಬೇಕು, ಏನು ನೋಡಬೇಕು? ಇನ್ನೊಂದು ವಿಷಯ, ಎಲ್ಲವನ್ನೂ ನಾನೇ ತೀರ್ಮಾನ ಮಾಡಿ ಅಮ್ಮನನ್ನು ಮೂಲೆಗೆ ಕೂರಿಸಿದ ಹಾಗೆ ಆಗಬಾರದು.

ನಲ್ಲಿ ಕೆಲಸದವನು:

ಅಕ್ಕಾ, 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಓದಿ ಹೊಟ್ಟೆ ಉರಿಯಿತು.

ಮೊದಲು ಆ ಬಕೆಟ್ ವಿಷಯ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ಸುಮಾರು 20 ಲೀಟರ್ ಆಗುತ್ತದೆ. ಅಂದರೆ 20 ಕೆಜಿ. ಮಂಡಿ ನೋವಿರುವ 78 ವರ್ಷದವರು ಒದ್ದೆ ನೆಲದ ಮೇಲೆ ನಿಂತು ಅದನ್ನು ಎತ್ತುವುದು ಬೇಡವೇ ಬೇಡ. ಸದ್ಯಕ್ಕೆ ಚಿಕ್ಕ ಪಾತ್ರೆ ಇಟ್ಟು, ಅರ್ಧ ತುಂಬಿದಾಗಲೇ ಮಗ್ಗಿನಲ್ಲಿ ತೆಗೆದು ಚೆಲ್ಲಲು ಹೇಳಿ. ಹಳೇ ಮಾದರಿಯ ತಿರುಗಿಸುವ ನಲ್ಲಿ ಆದರೆ ಬಹುತೇಕ ಒಳಗಿನ ವಾಷರ್ ಸವೆದಿರುತ್ತದೆ. ಸಣ್ಣ ರಬ್ಬರ್ ಚೂರು ಅದು. ಗೋಡೆ ಮುಟ್ಟುವ ಕೆಲಸವೇ ಅಲ್ಲ.

ನನ್ನ ಮಾತು ಕೇಳಿದರೆ, ಈ ತೊಟ್ಟಿಕ್ಕುವ ನಲ್ಲಿಯನ್ನೇ ಪರೀಕ್ಷೆ ಮಾಡಿಕೊಳ್ಳಿ. ಪೈಪ್ ಒಡೆದು ಮನೆಯೆಲ್ಲ ನೀರಾದಾಗ ಪ್ಲಂಬರ್ ಹುಡುಕಿದರೆ ಸಿಕ್ಕಿದವನೇ ಗತಿ. ಆತುರ ಇಲ್ಲದ ದಿನ, ಚಿಕ್ಕ ಕೆಲಸಕ್ಕೆ ಕರೆಸಿ ನೋಡಿ. ವಾಷರ್ ಹಾಕಲು ಬಂದವನು ಹೇಗೆ ನಡೆದುಕೊಳ್ಳುತ್ತಾನೋ ಅದರಲ್ಲಿ ಎಲ್ಲ ಗೊತ್ತಾಗುತ್ತದೆ.

ಒಳ್ಳೆಯವನಾದರೆ ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳುತ್ತಾನೆ. ಎಲ್ಲಿ ಸೋರುತ್ತಿದೆ, ನಲ್ಲಿ ಮುಚ್ಚಿದಾಗಲೂ ಸೋರುತ್ತದೆಯೇ, ಬಿಸಿನೀರಿನ ಕಡೆಯೋ ತಣ್ಣೀರಿನ ಕಡೆಯೋ. ಸಾಧ್ಯವಾದರೆ ಫೋಟೋ ಕಳಿಸಿ ಎನ್ನುತ್ತಾನೆ. ಬರೀ ನೋಡುವುದಕ್ಕೆ ಎಷ್ಟು, ಕೆಲಸಕ್ಕೆ ಎಷ್ಟು, ಸಾಮಾನು ಬೇರೆಯೋ ಸೇರಿಯೋ ಎಂದು ಬರುವ ಮೊದಲೇ ಹೇಳುತ್ತಾನೆ. ಬಂದಮೇಲೆ ಹಾಳಾದ ಜಾಗವನ್ನು ತೋರಿಸಿ, ಮನೆಯವರು ಹೂಂ ಅಂದಮೇಲೆ ಸ್ಪ್ಯಾನರ್ ಹಾಕುತ್ತಾನೆ. ತೆಗೆದ ಹಳೇ ಸಾಮಾನನ್ನು ಕೈಗೆ ಕೊಡುತ್ತಾನೆ. ಕೇಳಿದರೆ ಕೊಡದೆ ಚೀಲಕ್ಕೆ ಹಾಕಿಕೊಳ್ಳುವವನ ಮೇಲೆ ನನಗೆ ಅನುಮಾನ. ಕೆಲಸ ಮುಗಿದಮೇಲೆ ವಾಲ್ವ್ ತೆರೆದು, ಜಾಯಿಂಟಿನ ಸುತ್ತ ಒಣ ಕಾಗದ ಇಟ್ಟು ಹತ್ತು ನಿಮಿಷ ಕಾದು ನೋಡಿ ಹೋಗಬೇಕು. ಅಮ್ಮನಿಗೆ ಸಿಂಕಿನ ಕೆಳಗೆ ಬಗ್ಗಲು ಆಗದಿದ್ದರೂ ಒಣಗಿದ ಕಾಗದ ಕೈಯಲ್ಲಿ ಹಿಡಿದರೆ ಸೋರಿಕೆ ನಿಂತಿದೆ ಎಂದು ತಿಳಿಯುತ್ತದೆ. ಬಿಲ್ಲಿನಲ್ಲಿ ಏನು ಬದಲಾಯಿಸಿದೆ, ಮತ್ತೆ ಸೋರಿದರೆ ಎಷ್ಟು ದಿನದೊಳಗೆ ಬಿಟ್ಟಿ ಮಾಡಿಕೊಡುತ್ತೇನೆ ಎಂದು ಬರೆದು ಕೊಡಲಿ.

"ಗೋಡೆಯೊಳಗೆ ಸೋರುತ್ತಿದೆ" ಎಂದು ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ. ನೀರಿನ ಮೀಟರ್ ಇದ್ದರೆ ಮನೆಯ ಎಲ್ಲ ನಲ್ಲಿ ಮುಚ್ಚಿ, ಮೀಟರ್ ಅಂಕಿ ಬರೆದುಕೊಂಡು, ಎರಡು ಗಂಟೆ ಒಂದು ಹನಿ ನೀರೂ ಬಳಸದೆ ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಆಗಲೂ ಗೋಡೆಯೇ ಎಂದುಕೊಳ್ಳಬೇಡಿ, ಮೊದಲು ಫ್ಲಶ್ ಟ್ಯಾಂಕ್ ನೋಡಿ. ಟ್ಯಾಂಕಿಗೆ ಅಡುಗೆಗೆ ಬಳಸುವ ಬಣ್ಣ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಕಳ್ಳ ಸಿಕ್ಕಿದ. ಅದನ್ನು ಸರಿ ಮಾಡಲು ಗೋಡೆ ಒಡೆಯಬೇಕಿಲ್ಲ, ಅಲ್ವಾ?

ಅಪ್ಪನನ್ನು ನೋಡಿಕೊಂಡವಳು:

ನನ್ನ ಅಪ್ಪನಿಗೆ ಮರೆವಿನ ಕಾಯಿಲೆ ಇತ್ತು. ಆರು ವರ್ಷ ನೋಡಿಕೊಂಡೆ. ನಿಮ್ಮ ಅಮ್ಮನ ತಲೆ ಚುರುಕಾಗಿದೆ ಅಂದಿರಿ, ಒಳ್ಳೆಯದು. ಆದರೆ ಇದನ್ನು ಓದುವ ಬೇರೆಯವರಿಗೂ ಬೇಕಾಗಬಹುದು ಎಂದು ಬರೆಯುತ್ತಿದ್ದೇನೆ.

ನಮಗೆ ಕಷ್ಟ ಕೊಟ್ಟಿದ್ದು ಸೋರಿಕೆ ಅಲ್ಲ, ಬಿಸಿನೀರು. ಅಪ್ಪ ಗೀಸರ್ ಗುಂಡಿಯನ್ನು ಪೂರ್ತಿ ತಿರುಗಿಸಿ ಮರೆಯುತ್ತಿದ್ದರು. ಒಂದು ದಿನ ಕೈ ಬೊಬ್ಬೆ ಬಂತು. ಆಮೇಲೆ ತಿಳಿದುಕೊಂಡೆ, 60 ಡಿಗ್ರಿ ನೀರು ಸುಮಾರು 5 ಸೆಕೆಂಡಿನಲ್ಲೇ ಚರ್ಮವನ್ನು ಆಳವಾಗಿ ಸುಡುತ್ತದೆ. 49 ಡಿಗ್ರಿಯ ನೀರಾದರೆ ಅಷ್ಟು ಸುಡಲು ಕೆಲವು ನಿಮಿಷ ಬೇಕು, ಕೈ ಎಳೆದುಕೊಳ್ಳಲು ಸಮಯ ಸಿಗುತ್ತದೆ. ವಯಸ್ಸಾದವರ ಚರ್ಮ ತೆಳು, ಬಿಸಿ ಗೊತ್ತಾಗುವುದೂ ತಡ. ಹಾಗಂತ ನೀರು ತುಂಬಿಡುವ ದೊಡ್ಡ ಗೀಸರಿನ ಬಿಸಿಯನ್ನು ಪೂರ್ತಿ ಇಳಿಸಿ ಬಿಡುವುದೂ ಸರಿಯಲ್ಲ, ಏಕೆಂದರೆ ಉಗುರು ಬೆಚ್ಚಗಿನ ನೀರು ನಿಂತಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಮ್ಮ ಪ್ಲಂಬರ್ ನಲ್ಲಿಗೆ ಬರುವ ದಾರಿಯಲ್ಲಿ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಹಾಕಿಕೊಟ್ಟರು. ಟ್ಯಾಂಕಿನೊಳಗೆ ನೀರು ಕಾದೇ ಇರುತ್ತದೆ, ಹೊರಗೆ ಬರುವಾಗ ತಣ್ಣೀರು ಬೆರೆತು ಹದವಾಗಿ ಬರುತ್ತದೆ. ತಣ್ಣೀರು ಥಟ್ಟನೆ ನಿಂತರೆ ಬಿಸಿನೀರನ್ನೂ ಅದೇ ತಡೆಯುತ್ತದೆ. ಆವತ್ತಿನಿಂದ ನಾನು ನೆಮ್ಮದಿಯಾಗಿ ಮಲಗಿದೆ.

ಗೀಸರಿನ ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತದೆ ಎಂದು ಅದಕ್ಕೆ ಬಿರಡೆ ಹಾಕಿ ಮುಚ್ಚಲು ಹೊರಟವನನ್ನು ಮಾತ್ರ ಮನೆಯೊಳಗೆ ಬಿಡಬೇಡಿ. ಒಳಗೆ ಒತ್ತಡ ಜಾಸ್ತಿಯಾದಾಗ ಹೊರಗೆ ಬಿಡುವ ದಾರಿ ಅದೊಂದೇ. ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು.

ಚಿಕ್ಕ ಬದಲಾವಣೆಗಳೂ ಇವೆ. ಬೆರಳು ಹಿಡಿತ ಇಲ್ಲದವರಿಗೆ ದುಂಡು ನಲ್ಲಿ ಬದಲು ಹಿಡಿಕೆ ಇರುವ ನಲ್ಲಿ ಹಾಕಿಸಿ, ಮುಂಗೈಯಲ್ಲೇ ತಳ್ಳಬಹುದು. ಗೋಡೆಗೆ ಹಿಡಿಕಂಬಿ ಹಾಕಿಸಿ. ಟವೆಲ್ ರಾಡ್ ಹಿಡಿದು ಏಳುವವರು ತುಂಬಾ ಜನ ಇದ್ದಾರೆ, ಅದು ಮನುಷ್ಯರ ಭಾರಕ್ಕೆ ಮಾಡಿದ್ದಲ್ಲ, ಕಿತ್ತುಕೊಂಡು ಬರುತ್ತದೆ. ಹಿಡಿಕಂಬಿಯನ್ನು ಟೈಲ್ಸ್ ಮೇಲೆ ಅಂಟಿಸಿ ಹೋಗದೆ ಗೋಡೆಗೆ ಗಟ್ಟಿಯಾಗಿ ಕೂರಿಸಿದ್ದಾರೆಯೇ ಎಂದು ನೀವೇ ಜಗ್ಗಿ ನೋಡಿ.

ಹಿರಿಯ ಜೀವ:

ಮಗಳೇ, ನನಗೆ 74. ನಿನ್ನ ಅಮ್ಮನ ಜಾಗದಲ್ಲಿ ಕೂತು ಬರೆಯುತ್ತಿದ್ದೇನೆ.

ಮೋಸ ಹೋದೆ ಎಂದು ಮಕ್ಕಳಿಗೆ ಹೇಳುವುದು ಎಷ್ಟು ಕಷ್ಟ ಗೊತ್ತಾ? "ಇನ್ನು ಇವರ ಕೈಯಲ್ಲಿ ಆಗುವುದಿಲ್ಲ" ಎಂದು ಮನೆ ಬಿಡಿಸಿಬಿಡುತ್ತಾರೆ ಎಂಬ ಹೆದರಿಕೆ. ಹಾಗಾಗಿ ಮೊದಲು ಅಮ್ಮನಿಗೆ ಒಂದು ಮಾತು ಹೇಳು. ತಪ್ಪು ಅವನದು, ನಿಮ್ಮದಲ್ಲ. ಎರಡು ಸಲ ಹೇಳು. ನಾವು ಒಂದೇ ಸಲಕ್ಕೆ ನಂಬುವುದಿಲ್ಲ.

ನಮ್ಮ ಮನೆಗೆ ಬರುವ ಪ್ಲಂಬರನ್ನು ನಾನು ಯಾಕೆ ಇಷ್ಟಪಡುತ್ತೇನೆ ಹೇಳಲಾ? ನನ್ನ ಮಗ ಪಕ್ಕದಲ್ಲಿ ನಿಂತಿದ್ದರೂ ಆ ಹುಡುಗ ನನ್ನ ಮುಖ ನೋಡಿ ಮಾತಾಡುತ್ತಾನೆ. ನಿಧಾನವಾಗಿ ಹೇಳುತ್ತಾನೆ. ಕಿವಿ ಮಂದ ಇರುವವರ ಬೆನ್ನ ಹಿಂದೆ ನಿಂತು, ಡ್ರಿಲ್ ಸದ್ದಿನ ನಡುವೆ, "ಇದನ್ನೂ ಬದಲಾಯಿಸಲಾ" ಎಂದು ಕೇಳಿದರೆ ನಾವು ಮುಜುಗರಕ್ಕೆ ಹೂಂ ಎಂದುಬಿಡುತ್ತೇವೆ. ಆಮೇಲೆ ಅದೇ ಬಿಲ್ಲಿಗೆ ಸೇರುತ್ತದೆ. ಬಿಚ್ಚಿಟ್ಟ ಪೈಪ್ ತುಂಡನ್ನು, ಉಪಕರಣವನ್ನು ನಡೆದಾಡುವ ಜಾಗದಲ್ಲಿ ಬಿಡುವುದಿಲ್ಲ. ನೆಲ ಒರೆಸಿಯೇ ಹೋಗುತ್ತಾನೆ. ನೀರು ಎಷ್ಟು ಹೊತ್ತು ನಿಲ್ಲಿಸುತ್ತೇನೆ ಎಂದು ಮೊದಲೇ ಹೇಳುತ್ತಾನೆ, ನಾನು ಮಾತ್ರೆಗೆ, ಶೌಚಕ್ಕೆ ನೀರು ತುಂಬಿಟ್ಟುಕೊಳ್ಳುತ್ತೇನೆ.

ಇನ್ನೊಂದು ವಿಷಯ. ಕರೆಯದೆ ಬಂದು "ನೀರಿನ ಇಲಾಖೆಯವರು, ಸೋರಿಕೆ ನೋಡಬೇಕು" ಎಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಒಬ್ಬ ನಮ್ಮನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ "ನಲ್ಲಿ ಬಿಟ್ಟು ಹಿಡಿದುಕೊಳ್ಳಿ" ಎನ್ನುತ್ತಾನೆ, ಇನ್ನೊಬ್ಬ ರೂಮಿಗೆ ಕೈ ಹಾಕುತ್ತಾನೆ. ಇದು ಹಳೇ ತಂತ್ರ. ಹೊರಗೇ ನಿಲ್ಲಿಸಿ, ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳುತ್ತೇನೆ. ಅವರು ಕೊಟ್ಟ ನಂಬರಿಗೆ ಅಲ್ಲ. ನಿಜವಾದವರು ಕಾಯುತ್ತಾರೆ. ನಮ್ಮ ಪ್ಲಂಬರ್ ಬೇರೆ ಹುಡುಗನನ್ನು ಕಳಿಸಿದರೆ ನಾವಿಬ್ಬರೇ ಮೊದಲು ಮಾತಾಡಿಕೊಂಡ ಒಂದು ಪದವನ್ನು ಅವನು ಹೇಳಬೇಕು. ಫೋನಿಗೆ ಬಂದ ಓಟಿಪಿ ಕೇಳಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ, ಅಲ್ಲಿಗೆ ಮಾತು ಮುಗಿಯಿತು. ನಲ್ಲಿ ರಿಪೇರಿಗೆ ಓಟಿಪಿ ಯಾಕೆ?

ದೂರದಲ್ಲಿರುವ ಮಗಳು:

ಅಮ್ಮಾ, ನೀವು ಬರೆದದ್ದನ್ನು ಹಾಗೆಯೇ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಯಿತು, ಕರೆಸೋಣ. ಆದರೆ ನಾನೇ ಮಾತಾಡುತ್ತೇನೆ" ಅಂದರು.

ಅವರ ಪರಿಚಯದ ಇಬ್ಬರು ಬೇರೆ ಬೇರೆಯಾಗಿ ಒಬ್ಬರದೇ ಹೆಸರು ಹೇಳಿದ್ದಾರೆ, ಅವರನ್ನೇ ಕೇಳುತ್ತೇವೆ. ಒಂದು ಸಮಸ್ಯೆ ಇದೆ. ಮನೆಯ ಮೇನ್ ವಾಲ್ವ್ ಎಲ್ಲಿದೆ ಎಂದು ಅಮ್ಮನಿಗೆ ಗೊತ್ತಿದೆ, ಆದರೆ ತಿರುಗುತ್ತಿಲ್ಲ. ಜೋರಾಗಿ ತಿರುಗಿಸಲು ಹೇಳಲಾ?

ನಲ್ಲಿ ಕೆಲಸದವನು:

ಬೇಡ ಅಕ್ಕಾ! ದುಂಡು ಹಿಡಿಯ ಗೇಟ್ ವಾಲ್ವ್ ಇರಬೇಕು. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಉಪ್ಪು, ತುಕ್ಕು ಹಿಡಿದು ಜಾಮ್ ಆಗುತ್ತದೆ. ಬಲ ಹಾಕಿದರೆ ಒಳಗಿನ ಕಡ್ಡಿ ಮುರಿದು, ನೀರು ನಿಲ್ಲಿಸಲು ದಾರಿಯೇ ಇಲ್ಲದ ಹಾಗೆ ಆಗುತ್ತದೆ.

ವಾಷರ್ ಹಾಕಲು ಬಂದವರಿಗೇ ಇದನ್ನೂ ತೋರಿಸಿ. ಅದರ ಜಾಗದಲ್ಲಿ ಉದ್ದ ಹಿಡಿಯ ಬಾಲ್ ವಾಲ್ವ್ ಹಾಕಲಿ. ಕಾಲು ಸುತ್ತು ತಿರುಗಿಸಿದರೆ ಸಾಕು, ಹಿಡಿ ಪೈಪಿಗೆ ಅಡ್ಡ ಇದ್ದರೆ ನೀರು ನಿಂತಿದೆ, ಉದ್ದಕ್ಕೆ ಇದ್ದರೆ ಬರುತ್ತಿದೆ. ಕಣ್ಣು ಮಂಜಾದವರಿಗೂ ಕೈಯಲ್ಲಿ ಮುಟ್ಟಿದರೆ ತಿಳಿಯುತ್ತದೆ. ಅಮ್ಮನ ಕೈಯಲ್ಲೇ ಎರಡು ಸಲ ಮುಚ್ಚಿಸಿ ತೆರೆಸಿ. ಆಮೇಲೆ ತಿಂಗಳಿಗೊಮ್ಮೆ ತಿರುಗಿಸುತ್ತಿರಲಿ. ಇದೊಂದು ಕೈಗೆ ಬಂದರೆ ರಾತ್ರಿ ಪೈಪ್ ಒಡೆದರೂ ನೀರು ನಿಲ್ಲಿಸಿ, ಬೆಳಗ್ಗೆ ನಿಮಗೆ ಗೊತ್ತಿರುವವರನ್ನೇ ಕರೆಯಬಹುದು. ಗೀಸರಿನ ಹತ್ತಿರ ನೀರು ಸೋರಿದರೆ ಮಾತ್ರ ಒದ್ದೆ ನೆಲದಲ್ಲಿ ನಿಂತು ಸ್ವಿಚ್ ಮುಟ್ಟುವುದು ಬೇಡ, ಒಣ ಜಾಗದಲ್ಲಿರುವ ಮೇನ್ ಸ್ವಿಚ್ ಆಫ್ ಮಾಡಲಿ.

ಸಿಂಕ್ ಕಟ್ಟಿಕೊಂಡಿದೆ ಎಂದು ಆ್ಯಸಿಡ್, ಬ್ಲೀಚ್ ಏನಾದರೂ ಸುರಿದಿದ್ದರೆ ಬಂದವರಿಗೆ ಮೊದಲೇ ಹೇಳಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ, ಅಮ್ಮನಿಗೂ ಅಪಾಯ, ನಮ್ಮಂಥವರಿಗೂ ಅಪಾಯ.

ದೂರದಲ್ಲಿರುವ ಮಗಳು:

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ. ಅವರು ಬಂದು ಹೋದರು. ಬಚ್ಚಲಿನ ನಲ್ಲಿಗೆ ವಾಷರ್ ಸಾಕಾಯಿತು. ಹಳೇ ವಾಷರನ್ನು ಅಮ್ಮ ಕೇಳಿ ಇಸಿದುಕೊಂಡು ನನಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದರು, ಅರ್ಧ ಸವೆದು ಹೋಗಿತ್ತು. ಸಿಂಕಿನ ಕೆಳಗೆ ಸೋರುತ್ತಿದ್ದದ್ದು ಒಂದು ಜಾಯಿಂಟ್ ಮಾತ್ರ, ಬಿಚ್ಚಿ ಹೊಸ ಟೇಪ್ ಸುತ್ತಿ ಬಿಗಿ ಮಾಡಿದರು. ಕಾಗದ ಇಟ್ಟು ನೋಡಿದ್ದಾರೆ, ಒಣಗಿಯೇ ಇತ್ತಂತೆ. ಬಾಲ್ ವಾಲ್ವ್ ಹಾಕಿಸಿದ್ದಾಯಿತು, ಅಮ್ಮ ಈಗ ಬೇಕೆಂದೇ ದಿನಾ ತಿರುಗಿಸಿ ನೋಡುತ್ತಿದ್ದಾರೆ.

ಗೀಸರಿನ ಮಿಕ್ಸಿಂಗ್ ವಾಲ್ವ್ ಮುಂದಿನ ವಾರ ಹಾಕುತ್ತಾರೆ. ಬೆಳಗ್ಗೆ 11 ಗಂಟೆಗೆ ಬನ್ನಿ ಎಂದು ಅಮ್ಮನೇ ಹೇಳಿದ್ದಾರೆ. ನನಗೆ ಗೊತ್ತಾಗಿದ್ದು ಆಮೇಲೆ.