‘ಫಣಿಯಮ್ಮ’ ಓದಿದ ಮಗಳು ಅಜ್ಜಿಗೆ ತಿರುಗಿ ನಿಂತಿದ್ದಾಳೆ, ಏನು ಮಾಡಲಿ?

ಸಕಲೇಶಪುರದ ಅಮ್ಮ:
ಮಗಳು ಒಂಬತ್ತನೇ ಕ್ಲಾಸು. ರಜೆಯಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದಳು. ಒಂಬತ್ತು ವರ್ಷಕ್ಕೆ ಮದುವೆಯಾಗಿ, ಬೇಗನೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಒಪ್ಪತ್ತು ಊಟದಲ್ಲೇ ಬದುಕಿದವಳ ಕಥೆ. ಈಗ ಅಣ್ಣ ಉಂಡ ತಟ್ಟೆ ಎತ್ತಲ್ಲ ಅಂತಾಳೆ. ‘ಅವನಿಗೆ ಕೈ ಇಲ್ವಾ ಅಜ್ಜಿ?’ ಅಂದಳು. ಅತ್ತೆ ಮಾತು ಬಿಟ್ಟು ನಾಲ್ಕು ದಿನ ಆಯ್ತು. ಮಗಳಿಗೆ ಹೇಳಲಾ, ಅತ್ತೆಗೆ ಹೇಳಲಾ? ಅನುಭವ ಇದ್ದವರು ತಿಳಿಸಿ.

ಮೂಡಿಗೆರೆಯ ಅಕ್ಕ:
ನಾನು ತಟ್ಟೆ ಎತ್ತಿದವಳು. ಮದುವೆಯಾಗುವ ತನಕ ಇಬ್ಬರು ತಮ್ಮಂದಿರದ್ದೂ ಎತ್ತಿದೆ. 1991ರಲ್ಲಿ ಮದುವೆ, 60 ಗ್ರಾಂ ಚಿನ್ನ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಅಂತ 1994ರಲ್ಲಿ ರಾಜ್ಯದ ಕಾನೂನು ಬಂತು, ಆದರೆ ಅಷ್ಟರಲ್ಲಿ ಮದುವೆ ಆದವರಿಗೆ ಪಾಲಿಲ್ಲ. 2003ರಲ್ಲಿ ಅಪ್ಪ ಆರು ಎಕರೆ ರೊಬಸ್ಟಾ ಕಾಫಿ ತೋಟವನ್ನು ತಮ್ಮಂದಿರಿಗೆ ಭಾಗ ಮಾಡಿ ರಿಜಿಸ್ಟರ್ ಮಾಡಿಸಿದರು. 2005ರಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು ಅಂದಾಗ ಕೇಸು ಹಾಕಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಭಾಗಪತ್ರವನ್ನು ಆ ಕಾನೂನು ಮುಟ್ಟಲ್ಲ ಅಂತ ಗೊತ್ತಾಗುವ ಹೊತ್ತಿಗೆ ವಕೀಲರಿಗೆ 85 ಸಾವಿರ, ನಕಲು ತೆಗೆಸಲು 6,400, ಚಿಕ್ಕಮಗಳೂರಿಗೆ ಹನ್ನೊಂದು ಸಲ ಬಸ್ಸು. ಅಮ್ಮ ತೀರಿಕೊಂಡಾಗ ಅಂಗಳದಲ್ಲೇ ನಿಂತು ನೋಡಿ ಬಂದೆ. ನಿಮ್ಮ ಹುಡುಗಿಯ ಬಾಯಿ ಮುಚ್ಚಿಸಬೇಡಿ.

ಹಾಸನದ ಅಪ್ಪ:
ಅಕ್ಕ, ಎಲ್ಲ ಅಪ್ಪಂದಿರೂ ಹಾಗಲ್ಲ. ನನ್ನ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕ ವರ್ಷ ಆಲೂಗೆಡ್ಡೆಗೆ ಅಂಗಮಾರಿ ರೋಗ ಬಿತ್ತು. ಒಂದೂವರೆ ಎಕರೆ. ಬಿತ್ತನೆ ಗೆಡ್ಡೆಗೆ ಹಾಕಿದ 42 ಸಾವಿರ ಮಣ್ಣುಪಾಲು. ಬುಡ ಕಿತ್ತರೆ ಗೆಡ್ಡೆ ಕೈಯಲ್ಲೇ ಹಿಸುಕಿ ಹೋಗುತ್ತಿತ್ತು, ಆ ವಾಸನೆ ಈಗಲೂ ಮೂಗಿನಲ್ಲಿದೆ. ‘ಹೆಣ್ಣಿಗ್ಯಾಕೆ ಅಷ್ಟು, ಮಗನಿಗೆ ಇಡು’ ಅಂದರು ಅಣ್ಣತಮ್ಮಂದಿರು. ಎರಡು ಹಸು ಮಾರಿ ಹಾಸ್ಟೆಲ್ ಫೀಸು ಕಟ್ಟಿದೆ. ಮಗ ಐಟಿಐ ಮಾಡಿದ. ಓದಿಸಿದರೆ ಸಾಕು, ಮನೆಯಲ್ಲಿ ಜಗಳ ಬೇಡ. ಫಣಿಯಮ್ಮ ಯಾರಿಗಾದರೂ ಎದುರು ಮಾತಾಡಿದಳಾ?

ಕೊಪ್ಪದ ಓದುಗಿ:
ಪುಸ್ತಕ ಪೂರ್ತಿ ಓದಿದ್ದೀರಾ ಸರ್? ಚಿಕ್ಕ ವಯಸ್ಸಿನ ಇನ್ನೊಬ್ಬಳು ವಿಧವೆ ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದಾಗ ಅವಳ ಪರ ನಿಂತದ್ದು ಇದೇ ಫಣಿಯಮ್ಮ. ನಮ್ಮ ಅಜ್ಜಿಯ ಅಕ್ಕ ಹೀಗೇ ಬದುಕಿದವರು. ಅವರ ಕೆಂಪು ಸೀರೆಯನ್ನು ಕೋಲಿನಿಂದ ಎತ್ತಿ ಗಳುವಿನ ಮೇಲೆ ಹಾಕುತ್ತಿದ್ದರು, ನಾವು ಮುಟ್ಟುವ ಹಾಗಿರಲಿಲ್ಲ. ಸೆರಗು ಜಾರಿದಾಗ ಕೈ ತಟ್ಟನೆ ತಲೆಗೆ ಹೋಗುತ್ತಿತ್ತು. ಎಂಬತ್ತು ದಾಟಿದ ಮೇಲೂ.

ಅರಸೀಕೆರೆಯವನು:
ಅದು ಒಂದು ಜಾತಿಯ ಮನೆ ಕಥೆ. ನಮ್ಮಲ್ಲಿ ಉಡಿಕೆ ಇತ್ತು, ಗಂಡ ಸತ್ತವಳು ಮತ್ತೆ ಸಂಸಾರ ಮಾಡುತ್ತಿದ್ದಳು. ಎಲ್ಲರಿಗೂ ಅದನ್ನೇ ಅಂಟಿಸಬೇಡಿ.

ಕೊಪ್ಪದ ಓದುಗಿ:
ಉಡಿಕೆ ಆದವಳು ಮದುವೆಯಲ್ಲಿ ಆರತಿ ಎತ್ತುತ್ತಿದ್ದಳಾ? ಅದನ್ನೂ ಹೇಳಿ.

ಅರಸೀಕೆರೆಯವನು:
ನಮ್ಮ ದೊಡ್ಡಮ್ಮನದ್ದೇ ಉಡಿಕೆ. ಆರತಿಗೆ ಕರೆಯುತ್ತಿರಲಿಲ್ಲ, ನಿಜ. ಆದರೆ ಅವಳಿಗೆ ಮಕ್ಕಳಿದ್ದರು, ಮೂರು ಹೊತ್ತು ಊಟ ಇತ್ತು. ಅದು ಕಡಿಮೆಯಾ?

ಮೂಡಿಗೆರೆಯ ಅಕ್ಕ:
ಹಾಸನದವರೇ, ಒಂದು ಕೇಳ್ತೀನಿ. ಮಗಳ ಹೆಸರಿಗೆ ಜಮೀನು ಬರೆದಿದ್ದೀರಾ?

ಹಾಸನದ ಅಪ್ಪ:
ಓದಿಸಿದ್ದೇನಲ್ಲ ಅಕ್ಕ, ಅದೇ ಅವಳ ಪಾಲು.

ಮೂಡಿಗೆರೆಯ ಅಕ್ಕ:
ನಮ್ಮಪ್ಪನೂ ‘ಚಿನ್ನ ಹಾಕಿದ್ದೇನಲ್ಲ’ ಅಂದರು.

ಹಾಸನದ ಅಪ್ಪ:
ಖಾತೆ ಇನ್ನೂ ತೀರಿಹೋದ ನಮ್ಮಪ್ಪನ ಹೆಸರಲ್ಲೇ ಇದೆ. ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಕೊಟ್ಟು ಎರಡು ವರ್ಷ. ವಂಶವೃಕ್ಷದಲ್ಲಿ ನನ್ನ ತಂಗಿಯರ ಹೆಸರೂ ಸೇರಿಸಬೇಕು ಅಂತ ವಾಪಸ್ ಕಳಿಸಿದ್ದಾರೆ.

ಮೂಡಿಗೆರೆಯ ಅಕ್ಕ:
ಸೇರಿಸಿ ಮತ್ತೆ.