ಅಪ್‌ಡೇಟ್: ಹಸಿರು ಗೋಡೆ ಚೇತರಿಸಿಕೊಳ್ಳುತ್ತಿದೆ

ಆಫೀಸಿನ ಒಳಗಿನ ಹಸಿರು ಗೋಡೆಯಲ್ಲಿ (ಗೋಡೆ ತುಂಬ ಸಾಲುಸಾಲಾಗಿ ಗಿಡ ಬೆಳೆಸಿರುವುದು) ಮೇಲಿನ ಸಾಲು ಒಣಗುತ್ತಿದೆ, ಕೆಳಗಿನದು ಕೊಳೆಯುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಸುದ್ದಿ ಇದು. ನೀವು ಹೇಳಿದ್ದೇ ಸರಿ. ಸಮಸ್ಯೆ ಗೊಬ್ಬರದ್ದಲ್ಲ, ನೀರಿನದ್ದು. ನಮ್ಮದು ಫೆಲ್ಟ್ ಎಂಬ ದಪ್ಪ ಬಟ್ಟೆಯಲ್ಲಿ ಗಿಡ ನೆಟ್ಟ ಗೋಡೆ, ಮಣ್ಣಿಲ್ಲ. ಒಂದೇ ಸಲ ತುಂಬಾ ಹೊತ್ತು ನೀರು ಬಿಟ್ಟರೆ ಅದು ಮೇಲೆ ನಿಲ್ಲದೆ ಕೆಳಗಿಳಿದು ಸೇರಿಕೊಳ್ಳುತ್ತದೆ, ಅಲ್ಲಿನ ಬೇರಿಗೆ ಗಾಳಿಯೇ ಸಿಗುವುದಿಲ್ಲ. ಈಗ ಟೈಮರ್ ಬದಲಿಸಿ, ಅದೇ ನೀರನ್ನು ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದೇವೆ. ಡ್ರಿಪ್ ಪೈಪಿನ ಕೆಲವು ತೂತುಗಳಲ್ಲಿ ಉಪ್ಪು ಕಟ್ಟಿತ್ತು, ಅದನ್ನು ತೆಗೆದು ಫಿಲ್ಟರ್ ತೊಳೆದೆವು. ಇದನ್ನು ಆಗಾಗ ಮಾಡಲೇಬೇಕು, ಯಾಕೆಂದರೆ ಒಂದು ತೂತು ಮುಚ್ಚಿದರೂ ಅದರ ಕೆಳಗಿನ ಗಿಡಗಳಿಗೆ ನೀರು ಸಾಲುವುದಿಲ್ಲ. ನೀರಿನ ಪಿಎಚ್ (ಅದು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎನ್ನುವ ಅಳತೆ) 5.5ರಿಂದ 6.5ರೊಳಗೆ ಇಟ್ಟಿದ್ದೇವೆ. ಗಿಡಗಳ ಜಾಗವನ್ನೂ ಬದಲಿಸಿದೆವು: ಒಣಗಿದರೂ ತಡೆದುಕೊಳ್ಳುವ ಮನಿಪ್ಲಾಂಟ್ ಮೇಲೆ, ಜಾಸ್ತಿ ತೇವ ಬೇಕಾದ ಫರ್ನ್ ಕೆಳಗೆ. ಮೇಲೆ ಹೊಸ ಚಿಗುರು ಬರುತ್ತಿದೆ, ನೋಡಿ ತುಂಬಾ ಖುಷಿಯಾಯಿತು! ಕೆಳಗಿನ ಒಂದು ಮೂಲೆಗೆ ಮಾತ್ರ ಬೆಳಕು ಸಾಲುತ್ತಿಲ್ಲ, ಎಲೆಗಳು ಇನ್ನೂ ಹಳದಿ. ಅಲ್ಲಿಗೆ ಗ್ರೋ ಲೈಟ್ (ಗಿಡ ಬೆಳೆಯಲೆಂದೇ ಇರುವ ದೀಪ) ಹಾಕಬೇಕೆಂದಿದ್ದೇವೆ. ದಿನಕ್ಕೆ 12 ಗಂಟೆ ಉರಿಸಿದರೆ ಸಾಕು ಅಲ್ವಾ?